ಬೀಗದ ಕೈ ಯಾರ ಜೇಬಿನಲ್ಲಿದೆ?

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಮೆಷಿನ್ ಶಾಪ್ ಲ್ಯಾಬಿನಲ್ಲಿ ನಡೆದದ್ದನ್ನು ಮೊದಲು ಹೇಳಿಬಿಡುತ್ತೇವೆ. ಬ್ಯಾಚಿನಲ್ಲಿ ನಾಲ್ಕು ಜನ, ನಮ್ಮ ಪಾಲಿಗೆ ಬಂದದ್ದು ಒಂದು ಹಳೇ ಲೇತ್. ಸ್ಟೆಪ್ ಟರ್ನಿಂಗ್ ಅರ್ಧ ಮುಗಿದಿತ್ತು. ಅಷ್ಟರಲ್ಲಿ ಬೆಲ್ಟ್ ಗಾರ್ಡಿನ ಒಳಗಿಂದ ಏನೋ ತಿಕ್ಕುವ ಸದ್ದು. ಬಗ್ಗಿ ನೋಡಿದರೆ ಮೆಷಿನ್ ಒರೆಸುವ ಕಾಟನ್ ವೇಸ್ಟ್ ಪುಲ್ಲಿಯ ಹತ್ತಿರ ಸಿಕ್ಕಿಕೊಂಡಿದೆ. ನಮ್ಮಲ್ಲೊಬ್ಬ ಗೋಡೆಯ ಬೋರ್ಡಿಗೆ ಹೋಗಿ ಮೇನ್ ಸ್ವಿಚ್ ಇಳಿಸಿ ಬಂದ. ಲೇತ್ ನಿಂತಿತು. ಇನ್ನೊಬ್ಬ ಗಾರ್ಡ್ ತೆಗೆದು ಒಳಗೆ ಕೈ ಹಾಕಿದ.

ಆ ಮೇನ್ ನಮ್ಮ ಲೇತ್‌ಗೆ ಮಾತ್ರ ಅಲ್ಲ, ಆಚೆ ಸಾಲಿನ ಶೇಪರ್‌ಗೂ ಅದೇ ಅಂತ ನಮಗೆ ಗೊತ್ತಿರಲಿಲ್ಲ. ಪಕ್ಕದ ಬ್ಯಾಚಿನವರ ಕೆಲಸವೂ ನಿಂತುಹೋಯಿತು. "ಏ, ಮೇನ್ ಬಿದ್ದಿದೆ ನೋಡ್ರೋ" ಅಂತ ಯಾರೋ ಕೂಗಿದರು. ಇನ್ಯಾರೋ ಹೋಗಿ ಎತ್ತಿದರು. ನಮ್ಮ ಲೇತ್‌ನ ಸ್ವಂತ ಸ್ವಿಚ್ಚನ್ನು ನಾವು ಆಫ್ ಮಾಡಿಯೇ ಇರಲಿಲ್ಲ. ಬೆಲ್ಟ್ ತಿರುಗಿತು. ಇಕ್ಕಳ ತೆಗೆದುಕೊಳ್ಳೋಣ ಅಂತ ನಮ್ಮ ಗೆಳೆಯ ಆಗಷ್ಟೇ ಕೈ ಹೊರಗೆ ಎಳೆದಿದ್ದ. ಕಾಟನ್ ವೇಸ್ಟ್ ಚೂರುಚೂರಾಗಿ ನಮ್ಮ ನಾಲ್ವರ ಮುಖಕ್ಕೂ ಹಾರಿತು.

ನಾವು ನಕ್ಕೆವು. "ಗುರು, ಬಚಾವಾದೆ" ಅಂತ ಬೆನ್ನು ತಟ್ಟಿ ಕ್ಯಾಂಟೀನಿಗೆ ಹೋಗಿ ಟೀ ಕುಡಿದೆವು. ರಾತ್ರಿ ಹಾಸ್ಟೆಲಿನಲ್ಲಿ ರೆಕಾರ್ಡ್ ಬರೆಯುವಾಗ ಅವನು ಪೆನ್ನು ಕೆಳಗಿಟ್ಟು ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ. ಆಗ ಯಾರೂ ನಗಲಿಲ್ಲ.

ಆಮೇಲೆ ಈ ವಿಷಯ ನಮ್ಮ ತಲೆಯಿಂದ ಹೋಗಲೇ ಇಲ್ಲ. ಯಾಕೆಂದರೆ ಎಷ್ಟು ಹುಡುಕಿದರೂ ತಪ್ಪು ಮಾಡಿದವನು ಸಿಗಲಿಲ್ಲ. ಸ್ವಿಚ್ ಇಳಿಸಿದವನು ಸರಿಯಾಗಿಯೇ ಯೋಚಿಸಿದ್ದ. ಕೈ ಹಾಕಿದವನು ಆಫ್ ಆದದ್ದನ್ನು ಕಣ್ಣಾರೆ ನೋಡಿಯೇ ಹಾಕಿದ್ದ. ಮೇನ್ ಎತ್ತಿದವನೂ ಕೆಟ್ಟವನಲ್ಲ, ಇಳಿದಿದ್ದ ಸ್ವಿಚ್ ಕಂಡ, ಎತ್ತಿದ. ನಾವಾಗಿದ್ದರೂ ಅದನ್ನೇ ಮಾಡುತ್ತಿದ್ದೆವು. ಎಲ್ಲರೂ ಸರಿಯಾಗಿಯೇ ಇದ್ದಾಗಲೂ ಒಂದು ಕೈ ಹೋಗಬಹುದಿತ್ತು ಅಂದರೆ, ಕೊರತೆ ಇದ್ದದ್ದು ಜನರಲ್ಲಿ ಅಲ್ಲ, ಪದ್ಧತಿಯಲ್ಲಿ. ಆ ಪದ್ಧತಿಯ ಬೆಲೆ ಒಂದು ಸಾಧಾರಣ ಬೀಗದಷ್ಟು.

ಆಫ್ ಮಾಡುವುದು ಬೇರೆ, ಕಟ್ಟಿಹಾಕುವುದು ಬೇರೆ

ಕಾರ್ಖಾನೆಗಳಲ್ಲಿ ಇದಕ್ಕೆ 'ಲಾಕ್‌ಔಟ್ ಟ್ಯಾಗ್‌ಔಟ್' ಅಂತ ಹೆಸರು, ಬಾಯಲ್ಲಿ 'ಲೋಟೋ'. ಇಂಟರ್ನ್‌ಶಿಪ್ ಮಾಡಿದವರು ಕೆಂಪು ಬೀಗಗಳು ಸಾಲಾಗಿ ನೇತಾಡುವ ಬೋರ್ಡನ್ನು ನೋಡಿರುತ್ತೀರಿ. ಅಮೆರಿಕದಲ್ಲಿ ಕಾರ್ಮಿಕ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ 'ಓಶಾ' 1989ರಲ್ಲಿ ಇದನ್ನು ನಿಯಮವನ್ನಾಗಿ ಮಾಡಿತು. ಈ ನಿಯಮ ಪಾಲಿಸಿದರೆ ಅವರ ದೇಶದಲ್ಲಿ ವರ್ಷಕ್ಕೆ ಸುಮಾರು 120 ಸಾವು ಮತ್ತು 50,000 ಗಾಯಗಳು ತಪ್ಪುತ್ತವೆ ಅಂತ ಆ ಸಂಸ್ಥೆಯ ಅಂದಾಜು. ನಮ್ಮಲ್ಲಿಯೂ 1948ರ ಕಾರ್ಖಾನೆ ಕಾಯ್ದೆಯ 24ನೇ ಸೆಕ್ಷನ್ನಿನಲ್ಲಿ ಇದರ ಬೀಜ ಇತ್ತು: ಅಕಸ್ಮಾತ್ತಾಗಿ ಆಫ್‌ನಿಂದ ಆನ್‌ಗೆ ಜಾರಬಹುದಾದ ಸಾಧನ ಇದ್ದರೆ, ಅದನ್ನು ಸುರಕ್ಷಿತ ಸ್ಥಿತಿಯಲ್ಲಿ ಲಾಕ್ ಮಾಡುವ ಏರ್ಪಾಡು ಇರಬೇಕು ಅಂತ ಅದು ಹೇಳುತ್ತಿತ್ತು.

ಕ್ರಮ ಸುಲಭ. ಮೊದಲು ಈ ಮೆಷಿನ್‌ಗೆ ಶಕ್ತಿ ಎಲ್ಲೆಲ್ಲಿಂದ ಬರುತ್ತದೆ ಅಂತ ಪಟ್ಟಿ ಮಾಡಬೇಕು. ಕೆಲಸ ಮಾಡುವವರಿಗೆಲ್ಲ ಹೇಳಬೇಕು. ಮೆಷಿನ್ ನಿಲ್ಲಿಸಬೇಕು. ಪ್ರತಿಯೊಂದು ಮೂಲವನ್ನೂ ಅದರ ಐಸೊಲೇಟರಿನಲ್ಲೋ ವಾಲ್ವಿನಲ್ಲೋ ಬೇರ್ಪಡಿಸಬೇಕು. ಅಲ್ಲಿ ಬೀಗ ಜಡಿದು, ಯಾರು, ಯಾವಾಗ, ಯಾಕೆ ಅಂತ ಬರೆದ ಟ್ಯಾಗ್ ಕಟ್ಟಬೇಕು. ಒಳಗೆ ಉಳಿದ ಶಕ್ತಿಯನ್ನು ಇಳಿಸಬೇಕು. ಕೊನೆಗೆ ಸ್ಟಾರ್ಟ್ ಬಟನ್ ಒತ್ತಿ, ಟೆಸ್ಟರ್ ಹಿಡಿದು, ಗೇಜ್ ನೋಡಿ, ನಿಜವಾಗಿಯೂ ಸತ್ತಿದೆಯಾ ಅಂತ ಖಾತ್ರಿ ಮಾಡಿಕೊಳ್ಳಬೇಕು. ಆಮೇಲಷ್ಟೇ ಕೈ.

ಇದರಲ್ಲಿ ನಾವು ಸಾಮಾನ್ಯವಾಗಿ ಮಾಡುವುದು ಮೂರನೆಯದನ್ನು ಮಾತ್ರ, ನಿಲ್ಲಿಸುವುದು. ಅದೂ ಎಷ್ಟೋ ಸಲ ಎಮರ್ಜೆನ್ಸಿ ಸ್ಟಾಪ್ ಗುದ್ದಿ ಮುಗಿಸುತ್ತೇವೆ. ಇಎಇ ಹುಡುಗರಿಗೆ ಗೊತ್ತಿರಲೇಬೇಕು, ಆ ಕೆಂಪು ಬಟನ್ ಕಂಟ್ರೋಲ್ ಸರ್ಕೀಟನ್ನು ಕಡಿಯುತ್ತದೆ, ಪವರ್ ಸಪ್ಲೈ ಕಾಂಟ್ಯಾಕ್ಟರಿನ ಹೊಸ್ತಿಲಲ್ಲಿ ಹಾಗೇ ನಿಂತಿರುತ್ತದೆ. ಕಾಂಟ್ಯಾಕ್ಟರ್ ಅಂಟಿಕೊಂಡರೆ, ಪಿಎಲ್‌ಸಿ ತಪ್ಪು ಸಿಗ್ನಲ್ ಕೊಟ್ಟರೆ, ಯಾರೋ ಬಟನ್ ತಿರುಗಿಸಿ ಬಿಡಿಸಿದರೆ ಮುಗೀತು. ಡಿಸಿ ಮೋಟಾರ್ ಸ್ಟಾರ್ಟರಿನಲ್ಲಿ ನೋ-ವೋಲ್ಟ್ ಕಾಯಿಲ್ ಯಾಕೆ ಅಂತ ವೈವಾದಲ್ಲಿ ಕೇಳಿದಾಗ "ಕರೆಂಟ್ ಹೋಗಿ ಬಂದರೆ ಮೋಟಾರ್ ತಾನಾಗಿ ಶುರು ಆಗಬಾರದು ಅಂತ ಸರ್" ಅಂತ ಗಿಳಿಪಾಠ ಒಪ್ಪಿಸಿದವರೇ ನಾವು. ಅದೇ ಮಾತು ಲೇತ್ ಮುಂದೆ ನಿಂತಾಗ ನೆನಪಾಗಲಿಲ್ಲ.

ಇನ್ನು ಉಳಿದ ಶಕ್ತಿಯ ವಿಚಾರ. ಕರೆಂಟ್ ತೆಗೆದರೆ ಎಲ್ಲ ಮುಗೀತು ಅನ್ನುವುದು ದೊಡ್ಡ ಭ್ರಮೆ. ಮೋಟಾರ್ ಡ್ರೈವ್ ತೆಗೆದುಕೊಳ್ಳಿ. 415 ವೋಲ್ಟ್ ಮೂರು ಫೇಸ್ ಸಪ್ಲೈ ರೆಕ್ಟಿಫೈ ಆದ ಮೇಲೆ ಅದರ ಡಿಸಿ ಬಸ್ಸಿನಲ್ಲಿ ಸುಮಾರು 580 ವೋಲ್ಟ್ ಇರುತ್ತದೆ. ಮೇನ್ ಇಳಿಸಿದ ಮೇಲೂ ಕೆಪಾಸಿಟರ್‌ಗಳು ಆ ಚಾರ್ಜನ್ನು ಕೆಲವು ನಿಮಿಷ ಹಿಡಿದುಕೊಂಡಿರುತ್ತವೆ. ಡಿಸ್ಪ್ಲೇ ಆರಿತು ಅಂತ ಕವರ್ ಬಿಚ್ಚುವವನಿಗಾಗಿಯೇ ಅದರ ಮೇಲೆ 'ಇಷ್ಟು ನಿಮಿಷ ಕಾಯಿರಿ' ಅಂತ ಸ್ಟಿಕ್ಕರ್ ಅಂಟಿಸಿರುತ್ತಾರೆ. ಪ್ರೆಸ್ಸಿನ 500 ಕೆ.ಜಿ. ರ‍್ಯಾಮ್ ಒಂದು ಮೀಟರ್ ಮೇಲೆ ನಿಂತಿದ್ದರೆ ಅದರಲ್ಲಿ ಸುಮಾರು 4,900 ಜೌಲ್ ಇದೆ. ಅದಕ್ಕೆ ಯಾವ ಸ್ವಿಚ್ಚೂ ಇಲ್ಲ, ಗುರುತ್ವಾಕರ್ಷಣೆಗೆ ಎಂಸಿಬಿ ಇಲ್ಲ. ಕೆಳಗೆ ಗಟ್ಟಿ ಆಸರೆ ಕೊಡುವುದೊಂದೇ ದಾರಿ. ಹೈವೇ ಬದಿಯ ಗ್ಯಾರೇಜಿನಲ್ಲಿ ಟಿಪ್ಪರ್ ಲಾರಿಯ ಬಾಡಿ ಎತ್ತಿ, ಅದರ ಕೆಳಗೆ ಬರೀ ಹೈಡ್ರಾಲಿಕ್ ನಂಬಿಕೊಂಡು ಮಲಗಿ ಕೆಲಸ ಮಾಡುವ ಹುಡುಗರನ್ನು ನಾವೆಲ್ಲ ನೋಡಿದ್ದೇವೆ. ಒಂದು ಹೋಸ್ ಒಡೆದರೆ ಸಾಕು. ಕಂಪ್ರೆಸರ್ ಟ್ಯಾಂಕಿನ ಗಾಳಿ, ಒತ್ತಿ ಕೂತ ಸ್ಪ್ರಿಂಗ್, ಪೈಪಿನಲ್ಲಿ ಸಿಕ್ಕ ಹಬೆ, ಇನ್ನೂ ಸುತ್ತುತ್ತಿರುವ ಫ್ಲೈವೀಲ್, ಇವೆಲ್ಲ ಅದೇ ಜಾತಿ.

ಮೂಲ ಒಂದೇ ಇರುತ್ತದೆ ಅನ್ನುವುದು ಇನ್ನೊಂದು ಭ್ರಮೆ. ಅಪಾರ್ಟ್‌ಮೆಂಟಿನಲ್ಲಿ ಕರೆಂಟ್ ಹೋದ ಕೂಡಲೇ ಜನರೇಟರ್ ತಾನಾಗಿ ಶುರುವಾಗುತ್ತದೆ. ಯುಪಿಎಸ್ ಇದ್ದರೆ ಅದಕ್ಕೂ ಮುಂಚೆ. ಚಾವಣಿಯ ಸೋಲಾರ್ ಪ್ಯಾನೆಲ್ಲಿಗೆ ಬಿಸಿಲೇ ಸ್ವಿಚ್: ಇನ್ವರ್ಟರ್ ಆಫ್ ಮಾಡಿದರೂ ಹಗಲು ಹೊತ್ತಿನಲ್ಲಿ ಪ್ಯಾನೆಲ್ಲಿನಿಂದ ಬರುವ ತಂತಿಗಳಲ್ಲಿ ವೋಲ್ಟೇಜ್ ಇದ್ದೇ ಇರುತ್ತದೆ.

ನಮ್ಮ ಊರಿನ ಲೋಟೋ

ಇದೆಲ್ಲ ಎಂಎನ್‌ಸಿಗಳ ಶೋಕಿ, ನಮ್ಮಲ್ಲಿ ನಡೆಯಲ್ಲ ಅಂತ ಕೆಲವರು ಹೇಳುತ್ತಾರೆ. ನಮಗೆ ಹಾಗನ್ನಿಸುವುದಿಲ್ಲ. ಊರಿನ ಹಳೇ ಎಲೆಕ್ಟ್ರಿಷಿಯನ್‌ಗಳನ್ನು ನೆನಪಿಸಿಕೊಳ್ಳಿ. ಮನೆಯ ವೈರಿಂಗ್ ಮುಟ್ಟುವ ಮೊದಲು ಬೋರ್ಡಿನಿಂದ ಕಿಟ್‌ಕ್ಯಾಟ್ ಫ್ಯೂಸನ್ನು ಕಿತ್ತು ಅಂಗಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಕೆಲಸ ಮುಗಿದ ಮೇಲೆ ತಾವೇ ಹೋಗಿ ಸಿಕ್ಕಿಸುತ್ತಿದ್ದರು. ಯಾವ ಓಶಾ ಪಾಠವೂ ಇಲ್ಲದೆ ಅವರು ಮಾಡುತ್ತಿದ್ದದ್ದು ಅಸಲಿ ಲಾಕ್‌ಔಟ್: ಮೂಲ ಬೇರೆಯಾಯಿತು, ಅದನ್ನು ಮತ್ತೆ ಸೇರಿಸುವ ಸಾಮಾನು ಕೆಲಸ ಮಾಡುವವನ ಮೈಮೇಲೇ ಇದೆ. ಮಿಕ್ಸಿ ಜಾರಿನ ಕೆಳಗೆ ಒರೆಸುವ ಮುಂಚೆ ಪ್ಲಗ್ ಕಿತ್ತು ಕಣ್ಣೆದುರೇ ಇಟ್ಟುಕೊಳ್ಳುವ ಅಮ್ಮ ಮಾಡುವುದೂ ಅದನ್ನೇ.

ಆಮೇಲೆ ಎಂಸಿಬಿ ಬಂತು. ಶಾರ್ಟ್ ಸರ್ಕೀಟ್ ವಿಷಯದಲ್ಲಿ ಫ್ಯೂಸಿಗಿಂತ ಒಳ್ಳೆಯದೇ, ಸಂಶಯವಿಲ್ಲ. ಆದರೆ ಎಂಸಿಬಿಯನ್ನು ಜೇಬಿಗೆ ಹಾಕಿಕೊಳ್ಳಲು ಆಗುವುದಿಲ್ಲ. ಅದರ ಗುಂಡಿ ಕೆಳಗೆ ಬಿದ್ದಿದ್ದರೆ ದಾರಿಯಲ್ಲಿ ಹೋಗುವವರು ಯಾರು ಬೇಕಾದರೂ ಮೇಲೆ ತಳ್ಳಬಹುದು. 'ಟ್ರಿಪ್ ಆಗಿರಬೇಕು' ಅಂತ ತಳ್ಳಿಯೇ ತಳ್ಳುತ್ತಾರೆ. ಹಳೆಯ ಸಾಮಾನಿನ ಜೊತೆ ಹಳೆಯ ಅಭ್ಯಾಸವೂ ಹೋಯಿತು, ಅದರ ಜಾಗಕ್ಕೆ ಬರಬೇಕಿದ್ದ ಪುಟ್ಟ ಲಾಕ್ ಕ್ಲಿಪ್ ಬರಲೇ ಇಲ್ಲ. ಸೌಕರ್ಯ ಬದಲಾದಾಗ ಸುರಕ್ಷತೆಯ ಯಾವ ತುಂಡು ಜಾರಿ ಬಿತ್ತು ಅಂತ ನೋಡುವುದು ಇಂಜಿನಿಯರ್ ಕೆಲಸ. ಅದನ್ನು ನೋಡಿದವರು ಕಡಿಮೆ.

ಹಳ್ಳಿಯಿಂದ ಬಂದವರಿಗೆ ಬೋರ್‌ವೆಲ್ಲಿನ ಆಟೋ ಸ್ಟಾರ್ಟರ್ ಗೊತ್ತು. ಮೂರು ಫೇಸ್ ಕೊಡುವುದು ದಿನಕ್ಕೆ ಕೆಲವೇ ಗಂಟೆ, ಅದೂ ಎಷ್ಟೋ ಸಲ ನಡುರಾತ್ರಿ. ಎದ್ದು ತೋಟಕ್ಕೆ ಹೋಗುವ ಕಷ್ಟ ತಪ್ಪಲಿ ಅಂತ ಕರೆಂಟ್ ಬಂದ ಕೂಡಲೇ ಮೋಟಾರ್ ತಾನಾಗಿ ಓಡುವ ಹಾಗೆ ಮಾಡಿರುತ್ತಾರೆ. ರೈತರ ನಿದ್ದೆ ಉಳಿಸಿದ ಜಾಣ ಉಪಾಯ ಅದು, ತಮಾಷೆ ಮಾಡುವಂಥದ್ದಲ್ಲ. ಆದರೆ ಅದೇ ಪೆಟ್ಟಿಗೆ, "ಈಗ ಕರೆಂಟ್ ಇಲ್ವಲ್ಲ, ಇದೊಂದು ವೈರ್ ಸಿಗಿಸಿಬಿಡೋಣ" ಅಂತ ಕೈ ಹಾಕಿದ ಅಪ್ಪನ ಎದುರು ಯಾವ ಕ್ಷಣದಲ್ಲಾದರೂ ಜೀವ ತಳೆಯಬಹುದು. ಕರೆಂಟ್ ಹೋಗಿರುವುದು ಅಂದರೆ ಆಫ್ ಆಗಿರುವುದು ಅಲ್ಲ. ಎಲ್ಲೋ ದೂರದ ಸ್ಟೇಷನ್ನಿನಲ್ಲಿ ಬೇರೆ ಯಾರದೋ ಕೈಯಲ್ಲಿ ಇರುವುದು. ಮನೆಗೆ ಫೋನ್ ಮಾಡಿದಾಗ ಈ ಒಂದು ಮಾತು ಹೇಳಿ: ಪೆಟ್ಟಿಗೆ ತೆರೆಯುವ ಮುಂಚೆ ಮೇನ್ ಇಳಿಸಿ, ಫ್ಯೂಸ್ ಕಿತ್ತು ಜೇಬಿಗೆ.

ನಮ್ಮ ಪತ್ರಿಕೆಯ ತಂಡದಲ್ಲಿರುವ ಒಬ್ಬಳ ಅಪ್ಪ ಲೈನ್‌ಮ್ಯಾನ್. ಲೈನಿನ ಮೇಲೆ ಕೆಲಸ ಮಾಡುವ ಮುಂಚೆ ಅವರು 'ಎಲ್‌ಸಿ' ತೆಗೆದುಕೊಳ್ಳುತ್ತಾರೆ, ಅಂದರೆ ಲೈನ್ ಕ್ಲಿಯರ್. ಸಬ್‌ಸ್ಟೇಷನ್ನಿನವರು ಫೀಡರ್ ಬಂದ್ ಮಾಡಿ ಒಪ್ಪಿಗೆ ಕೊಡಬೇಕು. ಅವಳು ಹೇಳಿದ್ದನ್ನು ಅವಳ ಮಾತಲ್ಲೇ ಬರೆಯುತ್ತೇವೆ: "ಎಲ್‌ಸಿ ಸಿಕ್ತು ಅಂತ ಅಪ್ಪ ಹಾಗೇ ಕಂಬ ಹತ್ತಲ್ಲ. ಸ್ವಿಚ್ ಬಿಟ್ಟಿದೆಯಾ ಅಂತ ತಾವೇ ನೋಡ್ತಾರೆ. ಎರಡೂ ಕಡೆ ಅರ್ಥ್ ರಾಡ್ ಹಾಕ್ತಾರೆ. ಯಾಕಂದ್ರೆ ಯಾರದ್ದೋ ಮನೆ ಜನರೇಟರಿಂದ ಕರೆಂಟ್ ವಾಪಸ್ ಬರಬಹುದು. ಫೋನಲ್ಲಿ ಹೇಳಿದ ಫೀಡರ್ ಹೆಸರನ್ನ ಆ ಕಡೆಯೋರು ತಪ್ಪಾಗಿ ಕೇಳಿಸ್ಕೊಂಡಿರಬಹುದು. ಅವರ ಜೊತೆ ಕೆಲಸಕ್ಕೆ ಸೇರಿದೋರಲ್ಲಿ ಇಬ್ಬರು ಈಗಿಲ್ಲ. ಅಪ್ಪ ಮನೆಗೆ ಬಂದು ಚಪ್ಪಲಿ ಬಿಡೋ ಸದ್ದು ಕೇಳೋವರೆಗೆ ಅಮ್ಮ ಮಳೆಗಾಲದಲ್ಲಿ ಊಟ ಮಾಡಲ್ಲ."

ಲೋಟೋ ಅಂದರೆ ಇಷ್ಟೇ ಗೆಳೆಯರೇ. ಚಪ್ಪಲಿ ಬಿಡುವ ಸದ್ದು ಕೇಳಿಸಬೇಕು.

ಕಾಗದ ಬೀಗವಲ್ಲ

'ನಮ್ಮಲ್ಲಿ ಪರ್ಮಿಟ್ ಸಿಸ್ಟಮ್ ಇದೆ, ಸಾಕು' ಅನ್ನುವವರಿಗಾಗಿ ಪೈಪರ್ ಆಲ್ಫಾ ಕಥೆ. ಸ್ಕಾಟ್ಲೆಂಡಿನ ಆಚೆ ಉತ್ತರ ಸಮುದ್ರದಲ್ಲಿದ್ದ ತೈಲ ಮತ್ತು ಅನಿಲದ ವೇದಿಕೆ ಅದು. 1988ರ ಜುಲೈ 6ರಂದು ಅಲ್ಲಿ ಎರಡು ಕಂಡೆನ್ಸೇಟ್ ಪಂಪುಗಳ ಪೈಕಿ 'ಎ' ಪಂಪನ್ನು ರಿಪೇರಿಗಾಗಿ ನಿಲ್ಲಿಸಿದ್ದರು. ಅದಕ್ಕೆ ಸೇರಿದ ಸೇಫ್ಟಿ ವಾಲ್ವನ್ನು ಪರೀಕ್ಷೆಗೆ ಅಂತ ಬಿಚ್ಚಿ, ಆ ಜಾಗಕ್ಕೆ ಒಂದು ಬ್ಲೈಂಡ್ ಫ್ಲ್ಯಾಂಜ್ ಮುಚ್ಚಿದ್ದರು. ಸಂಜೆಯೊಳಗೆ ವಾಲ್ವಿನ ಕೆಲಸ ಮುಗಿಯಲಿಲ್ಲ. ಶಿಫ್ಟ್ ಬದಲಾಯಿತು. ಪಂಪಿನ ರಿಪೇರಿಗೆ ಒಂದು ಪರ್ಮಿಟ್, ವಾಲ್ವಿಗೆ ಇನ್ನೊಂದು ಪರ್ಮಿಟ್. ಎರಡೂ ಒಂದೇ ಕಡೆ ಇರಲಿಲ್ಲ.

ರಾತ್ರಿ 'ಬಿ' ಪಂಪ್ ಟ್ರಿಪ್ ಆಯಿತು, ಮತ್ತೆ ಶುರುವಾಗಲೇ ಇಲ್ಲ. ಕಂಟ್ರೋಲ್ ರೂಮಿನವರಿಗೆ 'ಎ' ಪಂಪಿನ ರಿಪೇರಿ ಪರ್ಮಿಟ್ ಕಂಡಿತು. ರಿಪೇರಿ ಇನ್ನೂ ಶುರುವಾಗಿಲ್ಲ, ಹಾಗಾದರೆ ಓಡಿಸಬಹುದು ಅಂದುಕೊಂಡರು. ವಾಲ್ವೇ ಇಲ್ಲ ಅಂತ ಹೇಳುವ ಇನ್ನೊಂದು ಕಾಗದ ಅವರ ಕಣ್ಣಿಗೆ ಬೀಳಲಿಲ್ಲ. ಪಂಪಿನ ವಿದ್ಯುತ್ತನ್ನು ಮತ್ತೆ ಜೋಡಿಸಿದರು. ರಾತ್ರಿ ಹತ್ತರ ಹೊತ್ತಿಗೆ ಫ್ಲ್ಯಾಂಜಿನಿಂದ ಸೋರಿದ ಅನಿಲ ಸ್ಫೋಟಿಸಿತು. ಸತ್ತವರು 167 ಜನ. ಅದರಲ್ಲಿ ಇಬ್ಬರು ಕಾಪಾಡಲು ಬಂದವರು.

ಆ ದುರಂತದ ವಿಚಾರಣೆ ನಡೆಸಿದ ಲಾರ್ಡ್ ಕಲೆನ್ 1990ರ ವರದಿಯಲ್ಲಿ 106 ಶಿಫಾರಸುಗಳನ್ನು ಮಾಡಿದರು. ಬೇರ್ಪಡಿಸಿದ ವಾಲ್ವುಗಳಿಗೆ ನಿಜವಾದ ಬೀಗ ಹಾಕಿ ಟ್ಯಾಗ್ ಕಟ್ಟಬೇಕು ಅನ್ನುವುದೂ ಅದರಲ್ಲಿ ಸೇರಿದೆ. ಕಾಗದ ಕಳೆದುಹೋಗುತ್ತದೆ, ಬೇರೆ ಮೇಜಿನ ಮೇಲೆ ಇರುತ್ತದೆ, ಅವಸರದಲ್ಲಿ ಓದಿಸಿಕೊಳ್ಳುವುದಿಲ್ಲ. ಬೀಗ ಹಾಗಲ್ಲ. ಓದಲು ಬಾರದವನ ಕೈಯನ್ನೂ ಕತ್ತಲೆಯಲ್ಲಿಯೂ ಅದು ತಡೆಯುತ್ತದೆ. ಅವತ್ತು ಆ ಪಂಪಿನ ಸ್ವಿಚ್ಚಿನ ಮೇಲೆ ವಾಲ್ವ್ ಬಿಚ್ಚಿದವನ ಸ್ವಂತ ಬೀಗ ಇದ್ದಿದ್ದರೆ, ಕಂಟ್ರೋಲ್ ರೂಮಿನವರು ಮೊದಲು ಅವನನ್ನು ಹುಡುಕಬೇಕಾಗುತ್ತಿತ್ತು.

ಇನ್ನೊಂದು ಘಟನೆ, 2012ರ ಅಕ್ಟೋಬರ್, ಕ್ಯಾಲಿಫೋರ್ನಿಯಾ. ಬಂಬಲ್ ಬೀ ಅನ್ನುವ ಮೀನು ಡಬ್ಬಿ ಕಂಪನಿಯಲ್ಲಿ 62 ವರ್ಷದ ಒಬ್ಬ ಕಾರ್ಮಿಕರು 35 ಅಡಿ ಉದ್ದದ ಪ್ರೆಷರ್ ಕುಕ್ಕರಿನಂಥ ಓವನ್ ಒಳಗೆ ಕೆಲಸಕ್ಕೆ ಇಳಿದಿದ್ದರು. ಶೌಚಾಲಯಕ್ಕೆ ಹೋಗಿರಬೇಕು ಅಂತ ಸಹೋದ್ಯೋಗಿ ಅಂದುಕೊಂಡರು. ಮೀನು ತುಂಬಿದರು, ಬಾಗಿಲು ಹಾಕಿದರು, ಓವನ್ ಶುರುಮಾಡಿದರು. ಮುಂದಿನದನ್ನು ನಾವು ಬರೆಯುವುದಿಲ್ಲ. 2015ರಲ್ಲಿ ಕಂಪನಿ 60 ಲಕ್ಷ ಡಾಲರ್ ಕೊಡಲು ಒಪ್ಪಿ ಪ್ರಕರಣ ಮುಗಿಯಿತು. ಬಾಗಿಲ ಬಳಿ ಅವರದೇ ಒಂದು ಬೀಗ ತೂಗುತ್ತಿದ್ದರೆ ಆ ದಿನ ಎಲ್ಲರೂ ಮನೆಗೆ ಹೋಗುತ್ತಿದ್ದರು.

ಯಾರ ಕೈ, ಯಾರ ಬೀಗ

ಈಗ ನಮ್ಮ ಮುಖ್ಯ ಮಾತಿಗೆ ಬರುತ್ತೇವೆ. ಲೋಟೋದ ನಿಯಮಗಳಲ್ಲಿ ಜೀವಾಳ ಇದು: ಒಬ್ಬ ವ್ಯಕ್ತಿ, ಒಂದು ಬೀಗ, ಒಂದು ಬೀಗದ ಕೈ. ಐದು ಜನ ಕೆಲಸ ಮಾಡಿದರೆ ಒಂದೇ ಐಸೊಲೇಟರಿನಲ್ಲಿ, ಹಲವು ತೂತುಗಳ ಕೊಂಡಿ ಸಿಕ್ಕಿಸಿ, ಐದು ಬೀಗ. ಕೊನೆಯ ಬೀಗ ಬಿಚ್ಚುವವರೆಗೆ ಮೆಷಿನ್ ಓಡುವುದಿಲ್ಲ. ಹಾಕಿದವರೇ ಬಿಚ್ಚಬೇಕು. ಮ್ಯಾನೇಜರ್ ಬಂದು ಕೂಗಿದರೂ ಬೇರೆಯವರು ಒಡೆಯುವ ಹಾಗಿಲ್ಲ. ಹಾಕಿದವರು ಬೀಗ ಮರೆತು ಮನೆಗೆ ಹೋದರೂ, ಅವರು ಒಳಗಿಲ್ಲ ಅಂತ ಖಾತ್ರಿ ಮಾಡಿಕೊಂಡು, ಅವರಿಗೆ ತಿಳಿಸಲು ಪ್ರಯತ್ನಿಸಿ, ಬರೆದಿಟ್ಟ ಕ್ರಮದಂತೆಯೇ ತೆಗೆಯಬೇಕು.

ಇದರ ಅರ್ಥ ಏನು ಅಂತ ಸ್ವಲ್ಪ ಯೋಚಿಸಿ. ಕಾರ್ಖಾನೆಯಲ್ಲಿ ಮೆಷಿನ್ ಒಳಗೆ ಕೈ ಹಾಕುವವರು ಯಾರು? ಬಹಳ ಸಲ ಕಾಂಟ್ರಾಕ್ಟ್ ಹೆಲ್ಪರ್. ಸ್ವಿಚ್ ಆಪರೇಟರ್ ಕೈಯಲ್ಲಿ. "ಎಷ್ಟು ಹೊತ್ತು? ಡಿಸ್ಪ್ಯಾಚ್ ಇದೆ" ಅಂತ ಫೋನ್ ಮಾಡುವವರು ಇಂಜಿನಿಯರ್, ಅಂದರೆ ಇನ್ನು ಎರಡು ಮೂರು ವರ್ಷಕ್ಕೆ ನಾವು. ಅಪಾಯ ಒಬ್ಬರ ಮೈಗೆ, ನಿರ್ಧಾರ ಇನ್ನೊಬ್ಬರ ಕೈಗೆ, ಅವಸರ ಮತ್ತೊಬ್ಬರ ಬಾಯಿಗೆ. ಈ ವ್ಯವಸ್ಥೆಯನ್ನು ಬೀಗ ತಲೆಕೆಳಗು ಮಾಡುತ್ತದೆ. ಅತಿ ಕಡಿಮೆ ಸಂಬಳದ ಮನುಷ್ಯ ತನ್ನ ಜೇಬಿನಲ್ಲಿ ಬೀಗದ ಕೈ ಇಟ್ಟುಕೊಂಡು ಇಡೀ ಲೈನನ್ನು ನಿಲ್ಲಿಸಿರುತ್ತಾನೆ, ಅವನು ಹೊರಗೆ ಬರುವವರೆಗೆ ಎಲ್ಲರೂ ಕಾಯಬೇಕು. ನಮ್ಮ ಕೆಲಸದ ಜಾಗಗಳಲ್ಲಿ ಇಂಥ ಅಧಿಕಾರ ಅವನಿಗೆ ಇನ್ನೆಲ್ಲಿ ಸಿಗುತ್ತದೆ?

ಮೈಸೂರು ಕಡೆಯವರು 'ಬೀಗದ ಕೈ' ಅನ್ನುತ್ತೇವೆ, ಧಾರವಾಡದ ಕಡೆಯವರು 'ಕೀಲಿಕೈ' ಅನ್ನುತ್ತಾರೆ. ಎರಡರಲ್ಲಿಯೂ 'ಕೈ' ಇದೆ. ಯಾವ ಕೈ ಮೆಷಿನ್ ಒಳಗೆ ಇದೆಯೋ ಬೀಗದ ಕೈ ಅದೇ ಮನುಷ್ಯನ ಹತ್ತಿರ ಇರಬೇಕು. ನಾವು ಹೇಳಬೇಕೆಂದಿರುವುದು ಈ ಒಂದು ವಾಕ್ಯ.

ಇದಕ್ಕೆ ಬರುವ ಆಕ್ಷೇಪಗಳೂ ನಮಗೆ ಗೊತ್ತು. ಒಂದು, ಟೈಮ್ ವೇಸ್ಟ್. ಬೀಗ ಹಾಕಿ ಪರೀಕ್ಷಿಸಲು ಸಮಯ ಬೇಕು, ಒಪ್ಪುತ್ತೇವೆ. ಆದರೆ ಅಪಘಾತವಾದ ಮೇಲೆ ಲೈನ್ ಎಷ್ಟು ದಿನ ನಿಲ್ಲುತ್ತದೆ ಅಂತಲೂ ಲೆಕ್ಕ ಹಾಕಬೇಕಲ್ಲ. ಎರಡು, "ಇಪ್ಪತ್ತು ವರ್ಷದ ಅನುಭವ ಇದೆ, ನಮಗೆ ಹೇಳಿಕೊಡ್ತೀರಾ?" ಅನುಭವ ನಿಮ್ಮ ಕೈಗಿದೆ ಸಾರ್, ಆ ಕಡೆ ಸ್ವಿಚ್ ಹತ್ತಿರ ನಿಂತ ಹೊಸ ಹುಡುಗನಿಗಿಲ್ಲ. ಮೂರು, "ನನ್ನ ಮೇಲೆ ನಂಬಿಕೆ ಇಲ್ವಾ?" ಇದು ಎಲ್ಲಕ್ಕಿಂತ ಕಷ್ಟದ್ದು, ಯಾಕೆಂದರೆ ನಮ್ಮಲ್ಲಿ ಬೀಗ ಅಂದರೆ ಅಪನಂಬಿಕೆ. ಆದರೆ ನಮ್ಮ ಲೇತ್ ಹತ್ತಿರ ಯಾರೂ ಯಾರಿಗೂ ಮೋಸ ಮಾಡಲಿಲ್ಲ. ಒಬ್ಬರಿಗೆ ಗೊತ್ತಿದ್ದದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ, ಅಷ್ಟೇ. ಮೇನ್ ಎತ್ತಿದ ಹುಡುಗನನ್ನೂ ಬೀಗ ಕಾಪಾಡುತ್ತಿತ್ತು. ಒಬ್ಬ ಸಹಪಾಠಿಯ ಕೈ ಕಡಿದವನು ಅನ್ನುವ ಹೊರೆ ಹೊತ್ತು ಬದುಕುವುದೇನು ಸಣ್ಣ ಶಿಕ್ಷೆಯಾ?

ಹಾಗಾದರೆ ಕ್ಯಾಂಪಸ್ಸಿನಲ್ಲಿ ಏನು?

ನಮ್ಮ ಬೇಡಿಕೆ ದೊಡ್ಡದಲ್ಲ. ಮೊದಲ ವರ್ಷದ ವರ್ಕ್‌ಶಾಪಿನಲ್ಲಿ ಫೈಲಿಂಗ್ ಹೇಳಿಕೊಡುವ ಮೊದಲೇ ಪ್ರತಿ ಬ್ಯಾಚಿಗೆ ಒಂದು ಬೀಗ, ಒಂದು ಟ್ಯಾಗ್ ಕೊಟ್ಟು ಐಸೊಲೇಟ್ ಮಾಡುವುದನ್ನು ಹೇಳಿಕೊಡಲಿ. ಪ್ರತಿ ಬೋರ್ಡಿನ ಮೇಲೆ ಯಾವ ಮೇನ್ ಯಾವ್ಯಾವ ಮೆಷಿನ್‌ಗೆ ಅಂತ ಬರೆಯಲಿ. ಅದೊಂದು ಇದ್ದಿದ್ದರೆ ನಮ್ಮ ಕಥೆ ನಡೆಯುತ್ತಲೇ ಇರಲಿಲ್ಲ. ವೈವಾದಲ್ಲಿ ಲೇತ್‌ನ ಭಾಗಗಳನ್ನು ಕೇಳುವ ಜೊತೆಗೆ, "ಇದನ್ನು ರಿಪೇರಿಗೆ ಹೇಗೆ ಸುರಕ್ಷಿತ ಮಾಡ್ತೀಯಪ್ಪ?" ಅಂತಲೂ ಕೇಳಲಿ. ಎಲೆಕ್ಟ್ರಿಕ್ ಕಾರು ಕಟ್ಟುವ ಪ್ರಾಜೆಕ್ಟ್ ತಂಡದವರಿಗೆ ಇದು ಇನ್ನೂ ಹತ್ತಿರದ ಮಾತು: ಬ್ಯಾಟರಿ ಪ್ಯಾಕಿಗೆ ಆಫ್ ಅನ್ನುವುದೇ ಇಲ್ಲ, ಸರ್ವೀಸ್ ಡಿಸ್‌ಕನೆಕ್ಟ್ ಕಿತ್ತು ಕೆಲಸ ಮಾಡುವವರೇ ಇಟ್ಟುಕೊಳ್ಳಬೇಕು. ಆಮೇಲೆ ಟೆಸ್ಟ್. ಟೆಸ್ಟರನ್ನು ಮೊದಲು ಕರೆಂಟ್ ಇರುವ ಕಡೆ ಹಿಡಿದು ಅದು ಕೆಲಸ ಮಾಡುತ್ತದಾ ಅಂತ ನೋಡಿ, ಆಮೇಲೆ ಸತ್ತ ಕಡೆ, ಮತ್ತೆ ಇರುವ ಕಡೆ. ಕೆಟ್ಟ ಟೆಸ್ಟರ್ ಯಾವಾಗಲೂ 'ಕರೆಂಟ್ ಇಲ್ಲ' ಅಂತಲೇ ಹೇಳುತ್ತದೆ.

ಮುಂದೆ ನಮ್ಮಲ್ಲಿ ಕೆಲವರು ಮೆಷಿನ್ ಡಿಸೈನ್ ಮಾಡುತ್ತೇವೆ. ಐಸೊಲೇಟರ್ ಕೈಗೆಟಕುವ ಕಡೆ ಇಡಿ, ಬೀಗ ಹಾಕಲು ಜಾಗ ಬಿಡಿ. ಮೂರು ಮಹಡಿ ಕೆಳಗೆ ಹೋಗಿ ಬೀಗ ಹಾಕಿ ಬಾ ಅಂದರೆ ಯಾವ ಮನುಷ್ಯನೂ ದಿನಾ ಹೋಗುವುದಿಲ್ಲ. ಆಮೇಲೆ ಅವನನ್ನು 'ಅಜಾಗರೂಕ' ಅಂತ ಬರೆದು ಫೈಲ್ ಮುಚ್ಚುತ್ತಾರೆ. ಎಷ್ಟೋ ಅಜಾಗರೂಕತೆಗಳು ಡ್ರಾಯಿಂಗ್ ಬೋರ್ಡಿನ ಮೇಲೇ ಹುಟ್ಟಿರುತ್ತವೆ.

ಕೊನೆಯದು ನಮ್ಮ ಕನ್ನಡ ಸಂಘಕ್ಕೆ ಸಂಬಂಧಿಸಿದ್ದು. ಟ್ಯಾಗುಗಳು ಬರುವುದು ಬಹುಪಾಲು ಇಂಗ್ಲಿಷಿನಲ್ಲಿ. ಪೀಣ್ಯದ ಶೆಡ್ಡಿನಲ್ಲೋ ಶಿವಮೊಗ್ಗದ ಫೌಂಡ್ರಿಯಲ್ಲೋ ಸ್ವಿಚ್ ಎತ್ತುವವರು ಅದನ್ನು ಓದಬಲ್ಲರಾ? ನವೆಂಬರಿನಲ್ಲಿ ಬಾವುಟ, ಶಾಲು, ಆರ್ಕೆಸ್ಟ್ರಾ ಎಲ್ಲ ಇರಲಿ, ನಮಗೂ ಕುಣಿಯಲು ಇಷ್ಟ. ಅದರ ಜೊತೆಗೆ ಈ ಸಲ ಒಂದು ಕೆಲಸ ಮಾಡೋಣ. ಕನ್ನಡದಲ್ಲಿ, ಕೆಳಗೆ ಹಿಂದಿಯಲ್ಲಿಯೂ, ದೊಡ್ಡ ಅಕ್ಷರದ ಟ್ಯಾಗ್ ಅಚ್ಚು ಹಾಕಿಸಿ ನಮ್ಮ ಲ್ಯಾಬುಗಳಿಗೂ ಸುತ್ತಲಿನ ವರ್ಕ್‌ಶಾಪುಗಳಿಗೂ ಕೊಡೋಣ. 'ಎಚ್ಚರಿಕೆ' ಅಂತ ಬರೆದರೆ ಯಾರೂ ಓದುವುದಿಲ್ಲ, ಎಲ್ಲ ಕಡೆ ಅದೇ ಇರುತ್ತದೆ. ನಾವು ಯೋಚಿಸಿರುವ ಒಕ್ಕಣೆ ಹೀಗಿದೆ: 'ಆನ್ ಮಾಡಬೇಡಿ. ಒಳಗೆ ನಾನಿದ್ದೇನೆ.' ಕೆಳಗೆ ಹೆಸರು, ಫೋಟೋ, ಫೋನ್ ನಂಬರ್. ಇದಕ್ಕಿಂತ ಚೆನ್ನಾಗಿ ಬರೆಯಬಲ್ಲವರು ಸಂಘದಲ್ಲಿ ಇದ್ದಾರೆ, ಕಳಿಸಿಕೊಡಿ.

ಕಳೆದ ವಾರ ನಾವು ನಾಲ್ವರೂ ಸೇರಿ ಪೇಟೆಯಿಂದ ಒಂದು ಬೀಗ ತಂದು ಮೆಷಿನ್ ಶಾಪಿಗೆ ಹೋದೆವು. ಬೋರ್ಡಿಗೆ ಹೊಸದಾಗಿ ಏನಾದರೂ ಬೆಸೆಯಬೇಕಾಗುತ್ತೋ ಏನೋ ಅಂತ ಇನ್‌ಸ್ಟ್ರಕ್ಟರ್ ಸಾರ್ ಟಾರ್ಚ್ ಹಿಡಿದು ನೋಡಿದರು. ಮೇನ್ ಸ್ವಿಚ್ಚಿನ ಹಿಡಿಕೆಯ ಪಕ್ಕದಲ್ಲೇ ಬೀಗ ಹಾಕಲು ಒಂದು ತೂತಿತ್ತು. ಮಾಡಿದವರು ಅವತ್ತೇ ಬಿಟ್ಟಿದ್ದರು. ವರ್ಷ ವರ್ಷ ಬಳಿದ ಬಣ್ಣದಲ್ಲಿ ಅದು ಮುಚ್ಚಿಹೋಗಿತ್ತು. ಸಾರ್ ಒಂದು ಮೊಳೆ ತೆಗೆದುಕೊಂಡು ಬಣ್ಣ ಕೆರೆದರು. ಬೀಗ ಸರಿಯಾಗಿ ಕೂತಿತು.

ನಿಮ್ಮ ಲ್ಯಾಬಿನ ಬೋರ್ಡನ್ನೂ ಒಮ್ಮೆ ನೋಡಿ ಬನ್ನಿ.